ನಿಮ್ಮ ಫೋನಿನಲ್ಲಿ ನಾವೂ ಇದ್ದೇವೆ



ನಿಮ್ಮೊಡನೆ ಒಂದು ವಿಷಯ ಮಾತನಾಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಸಂಘದ ಕಾರ್ಯಕ್ರಮಗಳಲ್ಲಿ ನೀವು ಸಿಗುತ್ತೀರಿ, ನಗುತ್ತೀರಿ, "ಹೇಗಿದ್ದೀರಿ ಅಂಕಲ್?" ಎಂದು ಕೇಳುತ್ತೀರಿ. ಅಷ್ಟರಲ್ಲಿ ನಾಟಕದ ಮೂರನೆಯ ಗಂಟೆ ಬಾರಿಸುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆಂದೇ ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಓದಲು ನಿಮ್ಮಲ್ಲಿ ಕೆಲವರಿಗೆ ತುಸು ಹೊತ್ತು ಹಿಡಿಯುತ್ತದೆ ಎಂದು ಬಲ್ಲೆ. ನಿಧಾನವಾಗಿಯೇ ಓದಿ. ನಾನು ಹೇಳಹೊರಟಿರುವ ಕೇಡು ಹುಟ್ಟುವುದೇ ನಾವು ಓದದೆ ಗುಂಡಿ ಒತ್ತುವಲ್ಲಿ.

ಔಷಧಿ ಅಂಗಡಿಗೆ ಹೋದರೆ ಹಣ ಕೊಡುವ ಮೊದಲೇ ಮೊಬೈಲ್ ನಂಬರು ಕೇಳುತ್ತಾರೆ. ಬಟ್ಟೆ ಅಂಗಡಿಯಲ್ಲಿ ನಂಬರಿನ ಜೊತೆ ಹುಟ್ಟಿದ ದಿನವನ್ನೂ ಕೇಳುತ್ತಾರೆ. ಊಟ ತರಿಸುವ ಆಪ್ ನೀವೆಲ್ಲಿದ್ದೀರಿ ಎಂದು ತಿಳಿಯಬಯಸುತ್ತದೆ. ಆಟದ ಆಪ್ ನಿಮ್ಮ ಫೋಟೋಗಳನ್ನು ನೋಡಬಯಸುತ್ತದೆ. ನೀವು ತಲೆ ಎತ್ತದೆ ಎಲ್ಲಕ್ಕೂ ಹೂಂಗುಟ್ಟುತ್ತೀರಿ. ಇಷ್ಟೊಂದು ಏಕೆ ಕೊಡುತ್ತೀರಿ ಎಂದು ಯಾರಾದರೂ ಹಿರಿಯರು ಕೇಳಿದರೆ ನಿಮ್ಮ ಉತ್ತರ ಸಿದ್ಧವಾಗಿರುತ್ತದೆ: "ಅದರಲ್ಲೇನಿದೆ ಅಂಕಲ್? ಮುಚ್ಚಿಡುವಂಥದ್ದು ನಮ್ಮ ಹತ್ತಿರ ಏನಿದೆ?"

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪ್ರಾಮಾಣಿಕವಾದ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಹೇಳಲು ಯತ್ನಿಸುತ್ತೇನೆ. ಆಮೇಲೆ ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಹಿಂದಿನವರು ಎಲ್ಲವನ್ನೂ ಗುಟ್ಟಾಗಿ ಇಟ್ಟುಕೊಂಡು ಬಾಳಿದರು, ನೀವು ಮಾತ್ರ ಬಯಲು ಮಾಡುತ್ತಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಚಾಳಿನಲ್ಲಿ ಬೆಳೆದ ನಮಗೆ ಗುಟ್ಟು ಎಂಬುದೇ ಇರಲಿಲ್ಲ. ಯಾರ ಮನೆಯಲ್ಲಿ ಮೀನು ಬೆಂದಿತು, ಯಾರ ಮನೆಗೆ ಊರಿನಿಂದ ತಾರು ಬಂತು, ಯಾರ ಮಗಳನ್ನು ನೋಡಲು ಯಾರು ಬಂದರು ಎಂಬುದು ಸಂಜೆಯೊಳಗೆ ಮೂರು ಮಾಳಿಗೆಗೂ ಗೊತ್ತಾಗುತ್ತಿತ್ತು. ಕಿರಾಣಿ ಅಂಗಡಿಯವನ ಬಾಕಿ ಪುಸ್ತಕದಲ್ಲಿ ನಮ್ಮ ಮನೆಯ ಇಡೀ ಸಂಸಾರವಿರುತ್ತಿತ್ತು. ತಿಂಗಳ ಕೊನೆಗೆ ಅಕ್ಕಿ ಅರ್ಧಕ್ಕಿಳಿದರೆ ಮನೆಯ ಯಜಮಾನನ ಸಂಬಳ ಎಷ್ಟೆಂದು ಅವನು ಲೆಕ್ಕ ಹಾಕಬಲ್ಲವನಾಗಿದ್ದ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ದುಡಿದವನು, ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಒಂದು ಉದಾಹರಣೆ ಕೊಡುತ್ತೇನೆ. ಪಿಗ್ಮಿ ಎಂಬ ಪದವನ್ನು ನಿಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿರಬಹುದು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಆರಂಭಿಸಿದ ಉಳಿತಾಯ ಯೋಜನೆ ಅದು. ಬ್ಯಾಂಕಿನ ಏಜೆಂಟರು ದಿನಾಲೂ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿ ತರುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಬಡವರ ಬಾಗಿಲಿಗೆ ಬ್ಯಾಂಕೇ ನಡೆದುಬಂದ ಕಥೆ ಅದು. ಮುಂದೆ ಬೇರೆ ಬ್ಯಾಂಕುಗಳೂ ಇಂಥ ಯೋಜನೆಗಳನ್ನು ತಂದವು.

ಆ ಪಿಗ್ಮಿ ಏಜೆಂಟನಿಗೆ ಗೊತ್ತಿಲ್ಲದ್ದು ಏನಿತ್ತು ಹೇಳಿ? ಯಾವ ಮನೆಯಲ್ಲಿ ಗಂಡ ಕುಡಿಯುತ್ತಾನೆ, ಯಾವ ತಾಯಿ ಗಂಡನಿಗೆ ತಿಳಿಯದಂತೆ ಮಗಳ ಮದುವೆಗೆ ಕೂಡಿಡುತ್ತಿದ್ದಾಳೆ, ಯಾವ ಹೋಟೆಲಿನ ಹುಡುಗ ಊರಿಗೆ ಹಣ ಕಳಿಸುವುದನ್ನು ನಿಲ್ಲಿಸಿದ್ದಾನೆ ಎಂಬುದೆಲ್ಲ ಅವನಿಗೆ ತಿಳಿದಿರುತ್ತಿತ್ತು. ಆದರೆ ಅವನ ಪುಸ್ತಕದಲ್ಲಿ ಬರೆಯುತ್ತಿದ್ದುದು ಮೂರೇ ಸಂಗತಿ: ಹೆಸರು, ತಾರೀಕು, ಹಣ. ಉಳಿದದ್ದು ಅವನ ತಲೆಯಲ್ಲಿ ಇದ್ದು, ಅವನ ಜೊತೆಗೇ ಮರೆತುಹೋಗುತ್ತಿತ್ತು. ಅವನು ನಮ್ಮನ್ನು ಬಲ್ಲಂತೆ ನಾವೂ ಅವನನ್ನು ಬಲ್ಲವರಾಗಿದ್ದೆವು. ಅವನ ಮನೆ ಯಾವುದು, ಮಕ್ಕಳೆಷ್ಟು, ಯಾವ ದೇವಸ್ಥಾನದ ರಥೋತ್ಸವಕ್ಕೆ ಊರಿಗೆ ಹೋಗುತ್ತಾನೆ ಎಂಬುದು ನಮಗೂ ಗೊತ್ತಿತ್ತು. ಅವನು ನಾಲಿಗೆ ಸಡಿಲ ಬಿಟ್ಟರೆ ಮಾರನೆಯ ದಿನ ಯಾರ ಬಾಗಿಲೂ ತೆರೆಯುತ್ತಿರಲಿಲ್ಲ.

ಬ್ಯಾಂಕಿನೊಳಗಿನ ನಮ್ಮ ಮೇಲೂ ಕಟ್ಟುಪಾಡು ಇತ್ತು. ರಾಷ್ಟ್ರೀಕೃತ ಬ್ಯಾಂಕುಗಳ 1970ರ ಕಾಯ್ದೆಯ ಪ್ರಕಾರ ಪ್ರತಿಯೊಬ್ಬ ನೌಕರನೂ ಕೆಲಸಕ್ಕೆ ಸೇರುವ ಮೊದಲು ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆಗೆ ಸಹಿ ಹಾಕಬೇಕು. ಗ್ರಾಹಕನ ವ್ಯವಹಾರವನ್ನು ಹೊರಗೆ ಬಾಯಿ ಬಿಡುವುದಿಲ್ಲ ಎಂಬುದೇ ಅದರ ತಾತ್ಪರ್ಯ. ನನ್ನ ಸ್ವಂತ ಷಡ್ಡಕ ಒಮ್ಮೆ ಮನೆಯಲ್ಲಿ ಊಟಕ್ಕೆ ಕುಳಿತಾಗ, ಇಂಥವರ ಖಾತೆಯಲ್ಲಿ ಎಷ್ಟಿದೆ ಎಂದು ಸಲೀಸಾಗಿ ಕೇಳಿದರು. ಗಂಡಿನ ಕಡೆಯವರ ಸ್ಥಿತಿಗತಿ ತಿಳಿಯುವುದು ಅವರ ಉದ್ದೇಶವಾಗಿತ್ತು, ಕೆಟ್ಟದ್ದೇನೂ ಇರಲಿಲ್ಲ. "ಅದು ಬ್ಯಾಂಕಿನ ಮಾತು ಭಾವ, ಅನ್ನ ಬಡಿಸಲೇ?" ಎಂದೆ. ಅವರು ಆರು ತಿಂಗಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ನಮ್ಮ ಪೀಳಿಗೆಯ ಬ್ಯಾಂಕಿನವರಲ್ಲಿ ಇಂಥ ಕಥೆ ಎಲ್ಲರ ಹತ್ತಿರವೂ ಒಂದೆರಡು ಇರುತ್ತವೆ.

ಆದ್ದರಿಂದ ಮಾಹಿತಿ ಕೊಡುವುದೇ ತಪ್ಪು ಎಂಬುದು ನನ್ನ ವಾದವಲ್ಲ. ಕೊಡದೆ ಬದುಕು ಸಾಗದು. ಕೇಳಬೇಕಾದ ಪ್ರಶ್ನೆಗಳು ಮೂರು: ಆ ಕೆಲಸಕ್ಕೆ ಬೇಕಾದಷ್ಟನ್ನೇ ಕೇಳುತ್ತಿದ್ದಾರೆಯೇ? ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಮತ್ತೆ ಯಾರ ಕೈಗೆ ದಾಟಿಸುತ್ತಾರೆ? ಪಿಗ್ಮಿ ಏಜೆಂಟ ಈ ಮೂರು ಪರೀಕ್ಷೆಗಳಲ್ಲೂ ತೇರ್ಗಡೆಯಾಗುತ್ತಿದ್ದ. ಇಂದಿನ ಎಷ್ಟು ಕಂಪನಿಗಳು ಆಗುತ್ತವೆ?

ಒಂದು ಸಣ್ಣ ಉದಾಹರಣೆ ನೋಡಿ. ಫೋನನ್ನು ಟಾರ್ಚ್ ಮಾಡಿಕೊಳ್ಳುವ ಆಪ್ ಒಂದಿತ್ತು. ಕತ್ತಲಲ್ಲಿ ಬೆಳಕು ಕೊಡುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಆದರೆ ಅದು ಫೋನು ಎಲ್ಲಿದೆ ಎಂಬುದನ್ನು ಗುರುತಿಸಿ ಜಾಹೀರಾತು ಜಾಲಗಳಿಗೆ ಕಳಿಸುತ್ತಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹೊರಿಸಿತು. 2013ರ ಡಿಸೆಂಬರಿನಲ್ಲಿ ಆ ಆಪ್ ಮಾಡಿದವರು ರಾಜಿಗೆ ಬಂದರು. ದೀಪ ಹಚ್ಚಲು ಮನೆಯ ವಿಳಾಸ ಏಕೆ ಬೇಕು? ಬೇಡ. ಜಾಹೀರಾತು ಮಾರುವವರಿಗೆ ಬೇಕು. ನೀವು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತೀರಿ, ರಾತ್ರಿ ಎಷ್ಟು ಗಂಟೆಯವರೆಗೆ ಎಚ್ಚರವಿರುತ್ತೀರಿ, ಯಾವ ಆಸ್ಪತ್ರೆಯ ಬಳಿ ಎಷ್ಟು ಹೊತ್ತು ನಿಂತಿರಿ ಎಂದು ತಿಳಿದವನಿಗೆ ನಿಮಗೇನು ಮಾರಬಹುದು ಎಂಬುದೂ ತಿಳಿಯುತ್ತದೆ.

ಅಂಗಡಿಯಲ್ಲಿ ಕೊಡುವ ಮೊಬೈಲ್ ನಂಬರನ್ನೂ ಸಣ್ಣದೆಂದು ಎಣಿಸಬೇಡಿ. ಔಷಧಿಯ ಬಿಲ್ಲು, ಬಟ್ಟೆಯ ಬಿಲ್ಲು, ಸಿನೆಮಾ ಟಿಕೆಟು, ಜಿಮ್ಮಿನ ಚೀಟಿ ಎಲ್ಲವೂ ಬೇರೆ ಬೇರೆ ಮಣಿಗಳು. ಎಲ್ಲ ಕಡೆ ಒಂದೇ ನಂಬರು ಇದ್ದರೆ ಆ ನಂಬರೇ ದಾರವಾಗುತ್ತದೆ. ಪೋಣಿಸಿ ಸರ ಮಾಡುವವರಿಗೆ ಕೆಲಸ ಸುಲಭ. ಸಕ್ಕರೆ ಕಾಯಿಲೆಯ ಮಾತ್ರೆ ಕೊಂಡದ್ದು ಔಷಧಿ ಅಂಗಡಿಗೆ ಮಾತ್ರ ಗೊತ್ತಿದ್ದರೆ ಚಿಂತೆಯಿಲ್ಲ. ನಾಳೆ ವಿಮೆ ಮಾರುವವನಿಗೂ ಕೆಲಸ ಕೊಡುವವನಿಗೂ ಅದು ಗೊತ್ತಾಗಬೇಕೆ? ನಂಬರು ಕೊಡದಿದ್ದರೆ ಬಿಲ್ಲು ಮಾಡುವುದಿಲ್ಲ ಎಂದು ಅಂಗಡಿಯವರು ಹಟ ಹಿಡಿಯುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ವ್ಯಾಪಾರಿ ಸಂಘಟನೆಗಳಿಗೆ ಸೂಚನೆ ಕೊಟ್ಟಿತು. ಹಾಗಿದ್ದೂ ಕೇಳುತ್ತಲೇ ಇರುತ್ತಾರೆ, ನಾವು ಕೊಡುತ್ತಲೇ ಇರುತ್ತೇವೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಷ್ಟು ಕೇಳಿದ ಮೇಲೂ ನೀವು ಹೇಳಬಹುದು: "ಇರಲಿ ಅಂಕಲ್, ನನ್ನ ಮಾಹಿತಿ ತಾನೆ? ನಷ್ಟವಾದರೆ ನನಗೆ ತಾನೆ?" ನನ್ನ ತಕರಾರು ಇರುವುದು ಇಲ್ಲೇ. ನೀವು ಕೊಡುವುದು ನಿಮ್ಮದನ್ನು ಮಾತ್ರವಲ್ಲ.

ನಮಗೆ ಬೇಕಾದ ಒಂದು ಕುಟುಂಬದಲ್ಲಿ ನಡೆದದ್ದನ್ನು ಹೇಳುತ್ತೇನೆ. ಯಾರೆಂದು ಊಹಿಸಲು ಹೋಗಬೇಡಿ. ಆ ಹುಡುಗ ನಿಮ್ಮ ವಯಸ್ಸಿನವನೇ. ಕೊರೋನಾದ ಕಾಲದಲ್ಲಿ ಕೆಲಸ ಹೋಯಿತು. ಮನೆಯಲ್ಲಿ ಹೇಳಿಕೊಳ್ಳಲು ಸಂಕೋಚ. ಫೋನಿನಲ್ಲೇ ಐದು ನಿಮಿಷದಲ್ಲಿ ಸಾಲ ಕೊಡುವ ಒಂದು ಆಪ್‌ನಿಂದ ಕೆಲವು ಸಾವಿರ ರೂಪಾಯಿ ತೆಗೆದುಕೊಂಡ. ಆ ಆಪ್ ಅವನ ಫೋನಿನಲ್ಲಿದ್ದ ಎಲ್ಲ ಹೆಸರು, ಎಲ್ಲ ನಂಬರು ನೋಡಲು ಅನುಮತಿ ಕೇಳಿತ್ತು. ಅನುಮತಿ ಇಲ್ಲದೆ ಸಾಲವಿಲ್ಲ, ಅವನು ಒತ್ತಿದ. ಕಂತು ಕಟ್ಟಲು ಕೆಲವೇ ದಿನ ತಡವಾಯಿತು. ಒಂದು ರಾತ್ರಿ ಹತ್ತೂವರೆಗೆ ನನ್ನ ಫೋನಿಗೆ ಅವನ ಫೋಟೋ ಬಂತು. ಕೆಳಗೆ, ಇವನು ಮೋಸಗಾರ, ನೀವು ಇವನ ಜಾಮೀನುದಾರರು, ಹಣ ಕಟ್ಟಿಸಿ ಎಂದು ಹಿಂದಿಯಲ್ಲಿ ಬರೆದಿತ್ತು. ನಾನು ಯಾವ ಜಾಮೀನೂ ನಿಂತವನಲ್ಲ. ಅವನ ಫೋನಿನಲ್ಲಿ ನನ್ನ ಹೆಸರಿತ್ತು, ಅಷ್ಟೆ.

ಅದೇ ಸಂದೇಶ ಅವನ ತಾಯಿಗೆ ಹೋಗಿತ್ತು. ತಾಯಿ ರವಿಕೆ ಹೊಲಿದುಕೊಡುತ್ತಿದ್ದ ನಾಲ್ಕಾರು ಮನೆಗಳಿಗೆ ಹೋಗಿತ್ತು. ಹಳೆಯ ಶಾಲೆಯ ಮೇಷ್ಟ್ರಿಗೆ ಹೋಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವನ ಅಕ್ಕನಿಗೆ ಮಾತುಕತೆ ನಡೆಯುತ್ತಿದ್ದ ಕುಂದಾಪುರದ ಕಡೆಯ ಮನೆಗೂ ಹೋಗಿತ್ತು. ಆ ಹುಡುಗಿ ಯಾವ ಆಪ್‌ನ್ನೂ ಹಾಕಿಕೊಂಡವಳಲ್ಲ, ಯಾವ ಗುಂಡಿಯನ್ನೂ ಒತ್ತಿದವಳಲ್ಲ. ಅವರ ಕಡೆಯಿಂದ ಮುಂದೆ ಫೋನು ಬರಲಿಲ್ಲ. ಏಕೆಂದು ಇವರೂ ಕೇಳಲಿಲ್ಲ. ಹುಡುಗ ತೆಗೆದುಕೊಂಡ ಸಾಲದ ಹಲವು ಪಟ್ಟು ಹಣವನ್ನು ತಂದೆ ತಮ್ಮ ಭವಿಷ್ಯನಿಧಿಯಿಂದ ತೆಗೆದು ಕಟ್ಟಿದರು. ಅವನ ತಾಯಿ ಒಂದು ವರ್ಷ ಸಂಘದ ಅರಸಿನ ಕುಂಕುಮಕ್ಕೆ ಬರಲಿಲ್ಲ.

ಇದು ಒಂದು ಮನೆಯ ದುರ್ದೈವವೆಂದು ತಿಳಿಯಬೇಡಿ. ರಿಸರ್ವ್ ಬ್ಯಾಂಕಿನ ಕಾರ್ಯತಂಡ 2021ರ ನವೆಂಬರಿನಲ್ಲಿ ಪ್ರಕಟವಾದ ವರದಿಯಲ್ಲಿ, ಭಾರತದಲ್ಲಿ ಸಿಗುತ್ತಿದ್ದ ಸುಮಾರು 1,100 ಸಾಲದ ಆಪ್‌ಗಳ ಪೈಕಿ 600 ಕಾನೂನುಬಾಹಿರ ಎಂದು ಹೇಳಿತು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಸಾಲ ಕೊಡುವ ಆಪ್‌ಗಳು ಗ್ರಾಹಕನ ಫೋನಿನ ಹೆಸರುಗಳ ಪಟ್ಟಿ, ಕರೆಗಳ ದಾಖಲೆ, ಫೋಟೋ ಮುಂತಾದವನ್ನು ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿತು. ಅಷ್ಟು ಹೊತ್ತಿಗೆ ಎಷ್ಟು ಮನೆಗಳ ಮಾನ ಬೀದಿಗೆ ಬಿದ್ದಿತ್ತೋ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹೀಗೆ ಹೊರಬಿದ್ದ ಮಾಹಿತಿಯನ್ನೂ ಆ ಸಾಲಿಗೆ ಸೇರಿಸಬೇಕು.

ದೊಡ್ಡ ಲೆಕ್ಕದಲ್ಲೂ ಇದೇ ಸತ್ಯ ಕಾಣುತ್ತದೆ. 2018ರಲ್ಲಿ ಕೇಂಬ್ರಿಜ್ ಅನಾಲಿಟಿಕಾ ಎಂಬ ಬ್ರಿಟಿಷ್ ಸಂಸ್ಥೆಯ ಹಗರಣ ಬಯಲಾಯಿತು. ಫೇಸ್‌ಬುಕ್ಕಿನಲ್ಲಿ ನಿಮ್ಮ ಸ್ವಭಾವ ಎಂಥದ್ದು ಎಂದು ಹೇಳುವ ಒಂದು ಪ್ರಶ್ನಾವಳಿಯ ಆಪ್ ಇತ್ತು. ಅದನ್ನು ಹಾಕಿಕೊಂಡವರ ಮಾಹಿತಿಯ ಜೊತೆಗೆ ಅವರ ಸ್ನೇಹಿತರ ಮಾಹಿತಿಯನ್ನೂ ಅದು ಎಳೆದುಕೊಂಡು ಹೋಗಿತ್ತು. ಭಾರತದಲ್ಲಿ ಅದನ್ನು ಹಾಕಿಕೊಂಡವರು 335 ಮಂದಿ ಎಂದು ಫೇಸ್‌ಬುಕ್ಕೇ ತಿಳಿಸಿತು. ಅವರ ಮೂಲಕ ಮಾಹಿತಿ ಹೋಗಿರಬಹುದಾದ ಸ್ನೇಹಿತರ ಸಂಖ್ಯೆ 5,62,120! ಅದರ ಅರ್ಥ ಯೋಚಿಸಿ. ನಮ್ಮ ಒಂದು ಸಭಾಗೃಹದಲ್ಲಿ ಹಿಡಿಸುವಷ್ಟು ಜನ ಒಪ್ಪಿಗೆಯ ಗುಂಡಿ ಒತ್ತಿದರು. ಅದರಿಂದ ಒಂದು ದೊಡ್ಡ ಊರಿನಷ್ಟು ಜನರ ಒಪ್ಪಿಗೆ ಯಾರೂ ಕೇಳದೆಯೇ ಆಗಿಹೋಯಿತು.

ರಕ್ತದ ವಿಷಯಕ್ಕೆ ಬಂದರೆ ಇದು ಇನ್ನೂ ಆಳಕ್ಕೆ ಹೋಗುತ್ತದೆ. ಅಮೆರಿಕದಲ್ಲಿ 23ಅಂಡ್‌ಮಿ ಎಂಬ ಕಂಪನಿ ಜನರ ಎಂಜಲು ತರಿಸಿಕೊಂಡು ಡಿಎನ್‌ಎ ಪರೀಕ್ಷೆ ಮಾಡಿ, ಅವರ ವಂಶಮೂಲ ತಿಳಿಸುತ್ತಿತ್ತು, ದೂರದ ಬಂಧುಗಳನ್ನು ಹುಡುಕಿಕೊಡುತ್ತಿತ್ತು. 2023ರಲ್ಲಿ ಕಳ್ಳರು ಸುಮಾರು 14,000 ಖಾತೆಗಳಿಗೆ ನುಗ್ಗಿದರು. ಬಂಧುಗಳ ಕೊಂಡಿ ಹಿಡಿದು ಅವರ ಕೈಗೆ ಸಿಕ್ಕಿದ್ದು ಸುಮಾರು 69 ಲಕ್ಷ ಜನರ ಮಾಹಿತಿ. 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಗ ಒಂದೂವರೆ ಕೋಟಿ ಜನರ ವಂಶದ ಮಾಹಿತಿ ಯಾರ ಪಾಲಾಗುತ್ತದೆ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಕಂಪನಿ ಮುಳುಗಿದರೂ ಮಾಹಿತಿ ಮುಳುಗುವುದಿಲ್ಲ, ಮೇಜು ಕುರ್ಚಿಗಳ ಜೊತೆ ಅದೂ ಆಸ್ತಿಯ ಪಟ್ಟಿಗೆ ಸೇರುತ್ತದೆ. ಮಾರುಕಟ್ಟೆಯಲ್ಲಿ ಅದಕ್ಕೆ ಮೇಜು ಕುರ್ಚಿಗಿಂತ ಬೆಲೆ ಹೆಚ್ಚು.

ಇದೆಲ್ಲ ದೊಡ್ಡ ಕಂಪನಿಗಳ ಪಾಡು, ನಮಗೇನು ಎನ್ನಬೇಡಿ. ಕಳೆದ ವರ್ಷ ನಮ್ಮ ಕಾರ್ಯಕಾರಿ ಸಮಿತಿಯ ಮುಂದೆಯೇ ಈ ಪ್ರಶ್ನೆ ಬಂದು ಕುಳಿತಿತು. ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಜಾಹೀರಾತು ಸಾಲದೆ ಖಜಾಂಚಿಯವರು ಪೇಚಾಡುತ್ತಿದ್ದರು. ಫ್ಲ್ಯಾಟು ಕಟ್ಟಿ ಮಾರುವ ಒಂದು ಸಂಸ್ಥೆ ಹಿಂಬದಿಯ ರಕ್ಷಾಪುಟದ ಜೊತೆಗೆ ಇನ್ನೂ ನಾಲ್ಕು ಪುಟಗಳ ಹಣ ಕೊಡಲು ಮುಂದೆ ಬಂತು. ಒಂದೇ ಷರತ್ತು: ಸದಸ್ಯರ ಪಟ್ಟಿ ಕೊಡಬೇಕು. ಆ ಪಟ್ಟಿಯಲ್ಲಿ ಏನೇನಿದೆ ಬಲ್ಲಿರಾ? ಹೆಸರು, ವಿಳಾಸ, ಫೋನು, ಊರಿನ ಮನೆ, ರಕ್ತದ ಗುಂಪು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದವರ ಕಡತದಲ್ಲಿ ತಂದೆಯ ವರಮಾನ, ಮಕ್ಕಳ ಅಂಕಪಟ್ಟಿ. ವಧೂವರರ ನೋಂದಣಿಯ ಪುಸ್ತಕದಲ್ಲಿ ಹುಟ್ಟಿದ ಗಳಿಗೆಯಿಂದ ಹಿಡಿದು ಎತ್ತರ, ಸಂಬಳದವರೆಗೆ ಎಲ್ಲ.

ಸಮಿತಿಯ ಯುವ ಸದಸ್ಯರೊಬ್ಬರು ನೀವು ಹೇಳುವುದನ್ನೇ ಹೇಳಿದರು: "ನಂಬರು ತಾನೆ? ಹೇಗೂ ಎಲ್ಲ ಕಡೆ ಇದೆ. ಕೊಟ್ಟುಬಿಡೋಣ, ಸಂಘಕ್ಕೆ ಲಾಭ." ಮಾತಿನಲ್ಲಿ ಸಂಘದ ಮೇಲಿನ ಪ್ರೀತಿಯೇ ಇತ್ತು. ಆಗ ಎಂದೂ ಹೆಚ್ಚು ಮಾತನಾಡದ, ಮಹಿಳಾ ವಿಭಾಗದ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: "ನಾನು ಸಂಘಕ್ಕೆ ನಂಬರು ಕೊಟ್ಟದ್ದು ಯಕ್ಷಗಾನ ಇದ್ದರೆ ತಿಳಿಸಲಿ ಅಂತ. ಫ್ಲ್ಯಾಟು ಮಾರುವವರಿಗೆ ಕೊಡಲಿಕ್ಕಲ್ಲ ಮಗಾ." ಸಭೆ ಸುಮ್ಮನಾಯಿತು. ಪಟ್ಟಿ ಕೊಡಲಿಲ್ಲ. ಜಾಹೀರಾತು ಬರಲಿಲ್ಲ. ಸಂಚಿಕೆಯಲ್ಲಿ ಎಂಟು ಪುಟ ಕಡಿಮೆಯಾಗಿ, ಇಬ್ಬರ ಲೇಖನ ಮುಂದಿನ ವರ್ಷಕ್ಕೆ ಹೋಯಿತು. ಅವರು ಮುನಿಸಿಕೊಂಡಿದ್ದಾರೆ. ಸರಿಯಾದದ್ದನ್ನು ಮಾಡಿದರೆ ನಷ್ಟವಾಗುವುದಿಲ್ಲ ಎಂದು ನಾನು ಹೇಳಲಾರೆ. ಆಗುತ್ತದೆ, ಭರಿಸಬೇಕು.

ಆ ಹಿರಿಯರ ಒಂದು ವಾಕ್ಯದಲ್ಲಿ ಇಡೀ ವಿಷಯದ ತಿರುಳಿದೆ. ಯಾವ ಕೆಲಸಕ್ಕೆ ಕೊಟ್ಟೆನೋ ಆ ಕೆಲಸಕ್ಕೆ ಮಾತ್ರ. ಈಗ ದೇಶದ ಕಾನೂನೂ ಬೇರೆ ಮಾತಿನಲ್ಲಿ ಇದನ್ನೇ ಹೇಳುತ್ತದೆ. ಆ ಕಾನೂನು ಬಂದ ದಾರಿಯಲ್ಲಿ ಒಬ್ಬ ಕನ್ನಡಿಗರ ಹೆಸರಿದೆ. ಅದನ್ನು ನೀವು ತಿಳಿದಿರಬೇಕು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿ ಬದುಕು ಸಂವಿಧಾನ ಕೊಟ್ಟ ಮೂಲಭೂತ ಹಕ್ಕೇ ಅಲ್ಲ ಎಂದು ಸರಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಅದು ಮೂಲಭೂತ ಹಕ್ಕು ಎಂದು ಸಾರಿತು. 2018ರ ಸೆಪ್ಟೆಂಬರಿನ ತೀರ್ಪಿನಲ್ಲಿ ಆಧಾರ್ ಯೋಜನೆ ಉಳಿಯಿತು. ಆದರೆ ಖಾಸಗಿ ಕಂಪನಿಗಳು ಆಧಾರ್ ಕೇಳಲು ಅವಕಾಶವಿದ್ದ ಕಲಮು ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮನೆಯಲ್ಲಿ ಆರಾಮ ಕುರ್ಚಿಯಲ್ಲಿ ಕೂರುವ ವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ ಆ ಹಿರಿಯರ ಹೆಸರಿನಲ್ಲೇ ಇಂದು ಆ ತೀರ್ಪನ್ನು ಕಾನೂನಿನ ವಿದ್ಯಾರ್ಥಿಗಳು ಓದುತ್ತಾರೆ.

ಆ ತೀರ್ಪಿನ ಬೆನ್ನಿಗೆ, ಹಲವು ಕರಡುಗಳು ಬಂದುಹೋಗಿ, 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳು ಪಾಲಿಸಬೇಕಾದ ಮುಖ್ಯ ಕಲಮುಗಳಿಗೆ ಅಲ್ಲಿಂದ 18 ತಿಂಗಳ ಗಡುವು ಇಟ್ಟರು. ಆ ಕಾಯ್ದೆಯೊಳಗೆ ಒಂದು ದೃಷ್ಟಾಂತವಿದೆ. ಒಬ್ಬ ಮಹಿಳೆ ಫೋನಿನಲ್ಲಿ ಡಾಕ್ಟರರ ಸಲಹೆ ಪಡೆಯುವ ಆಪ್ ಹಾಕಿಕೊಳ್ಳುತ್ತಾಳೆ. ಅದು ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆಗೆ ಆಕೆಯ ಫೋನಿನ ಹೆಸರುಗಳ ಪಟ್ಟಿಯನ್ನೂ ಕೇಳುತ್ತದೆ. ಆಕೆ ಎರಡಕ್ಕೂ ಒಪ್ಪುತ್ತಾಳೆ. ಆದರೂ ಹೆಸರುಗಳ ಪಟ್ಟಿ ಚಿಕಿತ್ಸೆಗೆ ಬೇಡವಾದ್ದರಿಂದ ಆ ಒಪ್ಪಿಗೆ ಚಿಕಿತ್ಸೆಯ ಮಾಹಿತಿಗೆ ಮಾತ್ರ ಸೀಮಿತ ಎನ್ನುತ್ತದೆ ಕಾಯ್ದೆ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು. 18 ವರ್ಷದೊಳಗಿನವರ ಬೆನ್ನುಹತ್ತಿ ಜಾಹೀರಾತು ತೋರಿಸಕೂಡದು. ರಕ್ಷಣೆಯಲ್ಲಿ ತಪ್ಪಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ಹಾಕಬಹುದು.

ನಿಮಗೆ ವಿಶೇಷವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ನಮಗಿರಬೇಕು ಎನ್ನುತ್ತದೆ ಕಾಯ್ದೆ. ಆ 22ರಲ್ಲಿ ಕನ್ನಡವೂ ಒಂದು. ಮುಂಬಯಿಯಲ್ಲಿದ್ದರೂ ದೆಹಲಿಯಲ್ಲಿದ್ದರೂ ನಿಮ್ಮ ಅಜ್ಜಿ ಕನ್ನಡದಲ್ಲಿ ಓದಿ ಒಪ್ಪಬಹುದು, ಓದಿ ಒಲ್ಲೆ ಎನ್ನಬಹುದು. ಹೊರನಾಡಿನಲ್ಲಿ ಕನ್ನಡ ಬೇಕೆಂದು ನಾವು ವೇದಿಕೆಯ ಮೇಲೆ ಭಾಷಣ ಮಾಡುತ್ತೇವೆ. ಇದು ವೇದಿಕೆಯಿಲ್ಲದೆಯೇ ಕೇಳಿ ಪಡೆಯಬಹುದಾದ ಕನ್ನಡ.

ಇನ್ನು ಕಂಪನಿಗಳ ಪರವಾಗಿಯೂ ನ್ಯಾಯವಾಗಿ ನಾಲ್ಕು ಮಾತು ಆಡಬೇಕು. ನಿಮ್ಮಲ್ಲಿ ಎಷ್ಟೋ ಜನ ಪೊವಾಯಿ, ಹಿಂಜವಾಡಿ, ಹೈಟೆಕ್ ಸಿಟಿಗಳ ಕಂಪನಿಗಳಲ್ಲಿ ಇಂಥ ಕೆಲಸವನ್ನೇ ಮಾಡುತ್ತಿದ್ದೀರಿ. ಎಲ್ಲಿದ್ದೀರಿ ಎಂದು ತಿಳಿಯದೆ ನಕಾಶೆ ದಾರಿ ತೋರಿಸಲಾರದು. ವಿಳಾಸವಿಲ್ಲದೆ ಪಾರ್ಸೆಲ್ ಬಾರದು. ನಿಮ್ಮ ಖರ್ಚಿನ ರೀತಿ ತಿಳಿದಿದ್ದರಿಂದಲೇ ಬ್ಯಾಂಕು ನಡುರಾತ್ರಿಯ ಕಳ್ಳ ವ್ಯವಹಾರವನ್ನು ತಡೆದು ನಿಮಗೆ ಎಚ್ಚರಿಕೆ ಕಳಿಸುತ್ತದೆ. ಅಡವಿಡಲು ಒಡವೆಯಿಲ್ಲದ ಗೂಡಂಗಡಿಯವನಿಗೆ, ಅವನ ದಿನದ ವಹಿವಾಟಿನ ದಾಖಲೆ ನೋಡಿ ಸಾಲ ಸಿಗುವುದಾದರೆ ಬೇಡವೆನ್ನಲು ನಾನು ಯಾರು? ಪಿಗ್ಮಿ ಮಾಡಿದ್ದೂ ಅದನ್ನೇ ತಾನೆ! ನನ್ನ ಆಕ್ಷೇಪ ಕೆಲಸಕ್ಕೆ ಮೀರಿ ಕೇಳುವುದಕ್ಕೆ, ಕೆಲಸ ಮುಗಿದ ಮೇಲೂ ಇಟ್ಟುಕೊಳ್ಳುವುದಕ್ಕೆ, ನಮಗೆ ಹೇಳದೆ ಮತ್ತೊಬ್ಬರಿಗೆ ದಾಟಿಸುವುದಕ್ಕೆ. ಮುಂದೆಂದಾದರೂ ಉಪಯೋಗಕ್ಕೆ ಬಂದೀತು ಎಂದು ಕೂಡಿಡುವ ಮಾಹಿತಿ, ಮುಂದೆಂದಾದರೂ ಸೋರಿಹೋಗುವ ಮಾಹಿತಿಯೂ ಹೌದು. ಕಣಜದಲ್ಲಿ ಇಲ್ಲದ ಭತ್ತವನ್ನು ಇಲಿ ತಿನ್ನಲಾರದು.

ಹಾಗಾದರೆ ನೀವು ಏನು ಮಾಡಬಹುದು? ಫೋನು ಬಿಸಾಡಿ ಎಂದು ನಾನು ಹೇಳುವುದಿಲ್ಲ. ನನ್ನ ಜೇಬಿನಲ್ಲೂ ಒಂದಿದೆ. ಇವತ್ತು ರಾತ್ರಿ ಹತ್ತು ನಿಮಿಷ ಬಿಡುವು ಮಾಡಿಕೊಂಡು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಹೆಸರುಗಳ ಪಟ್ಟಿಯನ್ನು ಯಾವ ಯಾವ ಆಪ್ ನೋಡುತ್ತಿದೆ ಎಂದು ಪರೀಕ್ಷಿಸಿ. ಯಾವುದಕ್ಕೆ ಅದು ಬೇಕಿಲ್ಲವೋ ಅದರ ಅನುಮತಿ ತೆಗೆದುಹಾಕಿ. ಉಪಯೋಗಿಸದ ಆಪ್ ಇದ್ದರೆ ಮೊದಲು ಅದರೊಳಗಿನ ಖಾತೆಯನ್ನು ಅಳಿಸಿ, ಆಮೇಲೆ ಆಪ್ ತೆಗೆಯಿರಿ. ಅಂಗಡಿಯಲ್ಲಿ ನಂಬರು ಕೇಳಿದರೆ "ಬೇಡ, ಬಿಲ್ಲು ಕಾಗದದಲ್ಲೇ ಕೊಡಿ" ಎಂದು ನಗುತ್ತಲೇ ಹೇಳಿ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.

ಆಮೇಲೆ ನಿಮ್ಮ ತಂದೆ ತಾಯಿಯ ಫೋನು ಕೈಗೆ ತೆಗೆದುಕೊಳ್ಳಿ. ನಮ್ಮ ಮನೆಗಳಲ್ಲಿ ಹಿರಿಯರ ಫೋನಿಗೆ ಆಪ್ ಹಾಕಿಕೊಡುವವರು ನೀವೇ. ಊರಿಗೆ ಹೋದಾಗ ಅಜ್ಜಿಯ ಫೋನಿಗೆ ಎಲ್ಲವನ್ನೂ ಹಾಕಿ, ಎಲ್ಲದಕ್ಕೂ ಒಪ್ಪಿಗೆ ಒತ್ತಿ, "ಆಯಿತು ಅಜ್ಜಿ" ಎಂದು ಕೈಗಿಡುವವರೂ ನೀವೇ. ಆ ಗುಂಡಿ ಒತ್ತುವಾಗ ನೀವು ಅವರ ಪರವಾಗಿ ಸಹಿ ಹಾಕುತ್ತಿದ್ದೀರಿ. ಒಂದು ನಿಮಿಷ ಅವರ ಪಕ್ಕ ಕುಳಿತು, ಇದು ಏನು ಕೇಳುತ್ತಿದೆ, ಏಕೆ ಕೇಳುತ್ತಿದೆ ಎಂದು ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಹೇಳಿ. ಅವರು ಬೇಡವೆಂದರೆ ಒತ್ತಬೇಡಿ.

ಕಂಪನಿಗಳಲ್ಲಿ ಕುಳಿತಿರುವ ನಿಮಗೆ ಒಂದು ಬೇಡಿಕೆ. ನಾಳೆ ನೀವು ಒಂದು ಅರ್ಜಿಯ ನಮೂನೆ ಮಾಡುವಾಗ, ಒಂದು ಆಪ್‌ಗೆ ಏನೇನು ಅನುಮತಿ ಬೇಕೆಂದು ಬರೆಯುವಾಗ, ಪ್ರತಿ ಕಾಲಮ್ಮಿನ ಎದುರು ನಿಂತು ಇದು ಏಕೆ ಎಂದು ಮೇಲಿನವರನ್ನು ಕೇಳಿ. ಉತ್ತರ ಸಿಗದಿದ್ದರೆ ಆ ಕಾಲಮ್ಮು ತೆಗೆಯೋಣ ಎನ್ನಿ. ಹೀಗೆ ಹೇಳುವುದು ಸುಲಭವಲ್ಲ, ನೌಕರಿ ಮಾಡಿದವನಿಗೆ ಗೊತ್ತು. ಆದರೆ ಇಂಥ ಪ್ರಶ್ನೆ ಕೇಳುವವನೊಬ್ಬ ಆ ಸಾಲದ ಆಪ್ ಮಾಡಿದವರ ಕೋಣೆಯಲ್ಲಿ ಇದ್ದಿದ್ದರೆ, ಒಬ್ಬ ಹೆಣ್ಣುಮಗಳ ಸಂಬಂಧ ಕೈತಪ್ಪುತ್ತಿರಲಿಲ್ಲವೇನೋ.

ಮುಚ್ಚಿಡುವಂಥದ್ದು ನಮ್ಮ ಹತ್ತಿರ ಏನಿದೆ ಎಂದು ಕೇಳಿದಿರಿ. ನಿಮ್ಮ ಹತ್ತಿರ ಇರಲಿಕ್ಕಿಲ್ಲ. ಆದರೆ ನಿಮ್ಮ ಫೋನಿನಲ್ಲಿ ನಿಮ್ಮ ಅಕ್ಕನಿದ್ದಾಳೆ, ಅತ್ತಿಗೆಯಿದ್ದಾಳೆ, ಕಾಯಿಲೆಯನ್ನು ಯಾರಿಗೂ ಹೇಳದ ಮಾವನಿದ್ದಾನೆ, ಕೆಲಸ ಕಳೆದುಕೊಂಡು ಮನೆಯಲ್ಲಿ ತಿಳಿಸದ ಗೆಳೆಯನಿದ್ದಾನೆ. ಸಂಘದ ನಾವೆಲ್ಲ ಇದ್ದೇವೆ. ನಂಬಿಕೆಯಿಂದ ನಂಬರು ಕೊಟ್ಟವರು ನಾವು. ಮುಂದಿನ ಸಲ ಆಪ್ ಒಂದು ನಿಮ್ಮ ಬಾಗಿಲು ತಟ್ಟಿ ಒಳಗೆ ಬರಲೇ ಎಂದು ಕೇಳಿದಾಗ, ಒಳಗೆ ಇನ್ನೂ ಯಾರು ಯಾರು ಕುಳಿತಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿ, ಆಮೇಲೆ ಉತ್ತರ ಕೊಡಿ.